ವಿದ್ಯೆಗೂ ಮುಯ್ಯಾಳು ಬೇಕು

ಮೂರು ವರ್ಷಗಳ ಹಿಂದಿನ ಮಾತು. ಈ ಕಾಲೇಜಿನಲ್ಲಿಯೇ ಬಿ.ಎ. ಮುಗಿಸಿ, ಮುಂದೆ ಬಿ.ಎಡ್., ಎಂ.ಎಡ್. ಪದವಿಗಳನ್ನು ಪಡೆದು, ನಮ್ಮ ರಾಜ್ಯದ ಒಂದು ವಿಶ್ವವಿದ್ಯಾನಿಲಯದ ಶಿಕ್ಷಣ ವಿಭಾಗದಲ್ಲಿ ನಾನು ಸಂಶೋಧನ ವಿದ್ಯಾರ್ಥಿಯಾಗಿದ್ದೆ. ಒಂದು ದಿನ ಕೈಚೀಲದ ತುಂಬ ಪ್ರಶ್ನಾವಳಿಗಳನ್ನು ತುಂಬಿಕೊಂಡು, ಬಸ್ಸಿಳಿದು, ಕೆರೆಯ ಏರಿಯ ಮೇಲೆ ನಡೆದು ಒಂದು ಹಳ್ಳಿಯ ಸರ್ಕಾರಿ ಪ್ರಾಥಮಿಕ ಶಾಲೆಗೆ ಹೋದೆ. ನಲಿ-ಕಲಿ ತರಗತಿಯಲ್ಲಿ ಮಕ್ಕಳು ಒಬ್ಬರಿಂದೊಬ್ಬರು ಹೇಗೆ ಕಲಿಯುತ್ತಾರೆ ಎಂಬುದು ನನ್ನ ಸಂಶೋಧನೆಯ ವಿಷಯ. ಹೆಡ್‌ಮಾಸ್ಟರು ಐವತ್ತು ದಾಟಿದವರು. ಕನ್ನಡಕವನ್ನೇರಿಸಿ ನನ್ನ ಪ್ರಶ್ನಾವಳಿಯ ಎರಡು ಪುಟ ತಿರುವಿದರು. ಆಮೇಲೆ ಏನೂ ಹೇಳದೆ ಎದ್ದು, ಬೀರುವಿನ ಬಾಗಿಲು ತೆಗೆದು, ಇನ್ನೊಂದು ಕಾಗದದ ಕಟ್ಟನ್ನು ತಂದು ನನ್ನ ಮುಂದಿಟ್ಟರು.

"ಹೋದ ವರ್ಷ ನಿಮ್ಮ ಡಿಪಾರ್ಟ್‌ಮೆಂಟಿನಿಂದಲೇ ಒಬ್ಬರು ಮೇಡಂ ಬಂದಿದ್ದರು ಸಾರ್. ಹೆಚ್ಚು ಕಡಿಮೆ ಇವೇ ಪ್ರಶ್ನೆ. ಎರಡು ದಿನ ನಮ್ಮ ಪಾಠ ನಿಲ್ಲಿಸಿ ತುಂಬಿಕೊಟ್ಟೆವು. ಅವರು ನಿಮಗೆ ಹೇಳಲಿಲ್ಲವೇ?"

ಆ 'ಮೇಡಂ' ವಿಭಾಗದಲ್ಲಿ ನನ್ನ ಕೋಣೆಯಿಂದ ಎರಡನೆಯ ಕೋಣೆಯಲ್ಲಿ ಕುಳಿತುಕೊಳ್ಳುತ್ತಿದ್ದರು. ದಿನವೂ ನಮಸ್ಕಾರ ಮಾಡುತ್ತಿದ್ದೆವು. ಅವರ ವಿಷಯವೇನೆಂದು ನಾನು ಕೇಳಿರಲಿಲ್ಲ. ನನ್ನದೇನೆಂದು ಅವರೂ ಕೇಳಿರಲಿಲ್ಲ. ನಾನು ತಲೆ ತಗ್ಗಿಸಿ ಕುಳಿತುದನ್ನು ನೋಡಿ ಹೆಡ್‌ಮಾಸ್ಟರಿಗೆ ಕನಿಕರ ಬಂದಿರಬೇಕು. ಚಹಾ ತರಿಸಿದರು. ಲೋಟ ಕೈಗೆ ಕೊಡುತ್ತ, "ನಮ್ಮ ನಲಿ-ಕಲಿಯಲ್ಲಿ ಐದು ಗುಂಪು ಇದೆಯಲ್ಲ ಸಾರ್, ಅದರಲ್ಲಿ ಗೆಳೆಯರ ಸಹಾಯದಿಂದ ಕಲಿಯುವ ಗುಂಪೂ ಉಂಟು. ನಿಮ್ಮ ಯೂನಿವರ್ಸಿಟಿಯಲ್ಲಿ ಆ ಗುಂಪು ಇಲ್ಲವೇ?" ಎಂದರು.

ಅವರು ಹಾಸ್ಯಕ್ಕೆ ಕೇಳಿದರೋ ನಿಜವಾಗಿ ಕೇಳಿದರೋ ತಿಳಿಯದು. ಆದರೆ ಆ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಆರಂಭವಾಗಿ ಆಮೇಲೆ ನಾಡಿನ ಸರ್ಕಾರಿ ಶಾಲೆಗಳಿಗೆ ಹಬ್ಬಿದ ನಲಿ-ಕಲಿ ಪದ್ಧತಿ ಆರು ವರ್ಷದ ಕೂಸಿಗೆ ಏನನ್ನು ಕಲಿಸುತ್ತದೆ? ತನಗೆ ಬಾರದುದನ್ನು ಪಕ್ಕದವನನ್ನು ಕೇಳು, ಬಂದುದನ್ನು ಪಕ್ಕದವನಿಗೆ ಹೇಳಿಕೊಡು ಎಂದು. ನಾವೋ, ವೈಗೋಟ್‌ಸ್ಕಿಯ ಸಿದ್ಧಾಂತವನ್ನು ಪುಟಗಟ್ಟಲೆ ಬರೆಯುತ್ತೇವೆ. ಬಲ್ಲ ಗೆಳೆಯನ ನೆರವಿದ್ದರೆ ಮಗು ತನ್ನ ಶಕ್ತಿಗೆ ಮೀರಿದುದನ್ನೂ ಮಾಡಬಲ್ಲದು ಎಂದು ಪರೀಕ್ಷೆಯಲ್ಲಿ ಉತ್ತರಿಸುತ್ತೇವೆ. ಉತ್ತರಿಸಿ, ನಮ್ಮ ನಮ್ಮ ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತೇವೆ. ಕಲಿಯುವುದು ಹೇಗೆಂಬುದನ್ನೇ ಶಾಸ್ತ್ರವಾಗಿ ಓದುವ ವಿಭಾಗದಲ್ಲಿ ಈ ಸ್ಥಿತಿಯಿದ್ದರೆ ಉಳಿದ ವಿಭಾಗಗಳ ಮಾತೇನು? ಈ ಚಿಲಕದ ವಿಷಯವಾಗಿಯೇ ನಾನು ನಾಲ್ಕು ಮಾತು ಬರೆಯಬೇಕೆಂದಿದ್ದೇನೆ.

ಇದು ಬರಿಯ ಶ್ರಮದ ಅಪವ್ಯಯದ ಪ್ರಶ್ನೆಯಾಗಿದ್ದರೆ ನಾನು ಇಷ್ಟು ಕಳವಳಪಡುತ್ತಿರಲಿಲ್ಲ. ಚಿಲಕ ಹಾಕಿದ ಕೋಣೆಯೊಳಗೆ ಮನುಷ್ಯನೂ ಇರುತ್ತಾನೆ.

ನನಗೊಬ್ಬ ಗೆಳೆಯನಿದ್ದ, ರಾಯಚೂರಿನ ಕಡೆಯವನು. ವಿದ್ಯಾರ್ಥಿವೇತನವಿರಲಿಲ್ಲ. ವಾರದಲ್ಲಿ ಮೂರು ದಿನ ಒಂದು ಖಾಸಗಿ ಬಿ.ಎಡ್. ಕಾಲೇಜಿನಲ್ಲಿ ಪಾಠ ಹೇಳಿ, ಬಂದ ಹಣದಲ್ಲಿ ಅರ್ಧವನ್ನು ಮನೆಗೆ ಕಳುಹಿಸಿ, ಉಳಿದುದರಲ್ಲಿ ಸಂಶೋಧನೆ ನಡೆಸುತ್ತಿದ್ದ. ಅವನ ಕೆಲಸಕ್ಕೆ ಇಂಗ್ಲಿಷಿನ ಒಂದು ಮನೋವೃತ್ತಿ ಮಾಪನಿಯ ಕನ್ನಡ ರೂಪ ಬೇಕಾಗಿತ್ತು. ತಾನೇ ಅನುವಾದಿಸಿದ, ಶಾಲೆಗಳಿಗೆ ಹೋಗಿ ಪರೀಕ್ಷಿಸಿದ, ತಿದ್ದಿದ, ಮತ್ತೆ ಪರೀಕ್ಷಿಸಿದ. ಇದಕ್ಕೇ ಹದಿನಾಲ್ಕು ತಿಂಗಳು ಹಿಡಿಯಿತು. ಒಂದು ದಿನ ವಿಭಾಗದ ಬೀರುಗಳಿಗೆ ಗೆದ್ದಲು ಹತ್ತಿತೆಂದು ಎಲ್ಲವನ್ನೂ ಹೊರಗೆ ತೆಗೆದಾಗ, ಇಪ್ಪತ್ತು ವರ್ಷಗಳ ಹಿಂದಿನ ಒಂದು ಮಹಾಪ್ರಬಂಧದ ಅನುಬಂಧದಲ್ಲಿ ಅದೇ ಮಾಪನಿಯ ಕನ್ನಡ ರೂಪ, ವಿಶ್ವಸನೀಯತೆಯ ಲೆಕ್ಕಸಹಿತವಾಗಿ, ಸಿಕ್ಕಿತು. ಗೆಳೆಯ ಅದನ್ನು ನೋಡಿ ನಕ್ಕ. ಎಲ್ಲರೂ ನಕ್ಕೆವು.

ಆ ವರ್ಷದ ದಸರಾ ರಜೆಗೆ ಅವನು ಊರಿಗೆ ಹೋದವನು ಹಿಂದಿರುಗಲಿಲ್ಲ. ರಜೆ ಮುಗಿದು ಹನ್ನೊಂದು ದಿನಗಳಾದ ಮೇಲೆ ಗ್ರಂಥಾಲಯದ ಅಟೆಂಡರು ಬಂದು, "ಆ ರಾಯಚೂರಿನ ಸಾರ್ ಎಲ್ಲಿ? ಅವರ ಹೆಸರಲ್ಲಿ ಎರಡು ಪುಸ್ತಕ ಬಾಕಿ ಇದೆ" ಎಂದು ಕೇಳಿದಾಗಲೇ ಅವನಿಲ್ಲವೆಂಬುದು ನಮಗೆ ಗೊತ್ತಾದದ್ದು. ವಾಚಕರು ಯೋಚಿಸಬೇಕು: ನಾಲ್ಕು ವರ್ಷ ನಮ್ಮ ನಡುವೆ ಬಾಳಿದವನ ಗೈರುಹಾಜರಿಯನ್ನು ಗುರುತಿಸಿದ್ದು ನಾವಲ್ಲ, ಗ್ರಂಥಾಲಯದ ರಿಜಿಸ್ಟರು. ಫೋನಿನಲ್ಲಿ ಸಿಕ್ಕಾಗ ಅವನು ಯಾರನ್ನೂ ದೂರಲಿಲ್ಲ. "ರಾತ್ರಿ ನಿದ್ದೆ ಬರುತ್ತಿರಲಿಲ್ಲಪ್ಪ. ಯಾರಿಗೆ ಹೇಳಬೇಕೋ ತಿಳಿಯಲಿಲ್ಲ. ನಾನು ಕೂಡಿಹಾಕಿದ ಅಂಕಿ-ಅಂಶ ಯಾರಿಗಾದರೂ ಉಪಯೋಗವಾದರೆ ಕೊಡುತ್ತೇನೆ" ಎಂದ. ಬಿಟ್ಟುಹೋದವನಿಗಿದ್ದ ಹಂಚಿಕೊಳ್ಳುವ ಮನಸ್ಸು ಉಳಿದ ನಮಗಿರಲಿಲ್ಲ.

ಇದು ನಮ್ಮೊಂದು ವಿಭಾಗದ ರೋಗವಲ್ಲ. ಬೆಲ್ಜಿಯಂ ದೇಶದ ಫ್ಲಾಂಡರ್ಸ್ ಪ್ರಾಂತದಲ್ಲಿ 3,659 ಮಂದಿ ಪಿಎಚ್.ಡಿ. ವಿದ್ಯಾರ್ಥಿಗಳನ್ನು ಕುರಿತು ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು ಮೂರರಲ್ಲಿ ಒಬ್ಬರು ಮಾನಸಿಕ ಅಸ್ವಾಸ್ಥ್ಯದ, ಮುಖ್ಯವಾಗಿ ಖಿನ್ನತೆಯ, ಅಂಚಿನಲ್ಲಿರುವುದು ಕಂಡುಬಂದಿತು. 26 ದೇಶಗಳ 2,279 ಮಂದಿಯ ಉತ್ತರಗಳನ್ನಾಧರಿಸಿ 2018ರಲ್ಲಿ ಪ್ರಕಟವಾದ ಇನ್ನೊಂದು ಸಮೀಕ್ಷೆ, ಸಾಮಾನ್ಯ ಜನರಿಗಿಂತ ಸಂಶೋಧನ ವಿದ್ಯಾರ್ಥಿಗಳಲ್ಲಿ ಆತಂಕವೂ ಖಿನ್ನತೆಯೂ ಆರು ಪಟ್ಟಿಗಿಂತ ಹೆಚ್ಚೆಂದು ಹೇಳಿತು. ಎರಡನೆಯದರಲ್ಲಿ ತಾವಾಗಿ ಮುಂದೆ ಬಂದವರು ಮಾತ್ರ ಉತ್ತರಿಸಿದ್ದರಾದ್ದರಿಂದ ಆ ಅಂಕಿಯನ್ನು ಸ್ವಲ್ಪ ಎಚ್ಚರಿಕೆಯಿಂದಲೇ ಹಿಡಿಯಬೇಕು. ಆದರೂ ಹೊಗೆಯಿರುವಲ್ಲಿ ಬೆಂಕಿಯಿದೆ. ಫ್ಲಾಂಡರ್ಸಿನ ಅಧ್ಯಯನ ಇನ್ನೊಂದು ಮಾತನ್ನೂ ಹೇಳಿತು: ಹುರಿದುಂಬಿಸುವ ಮಾರ್ಗದರ್ಶಕರಿದ್ದಲ್ಲಿ ಈ ತೊಂದರೆ ಕಡಿಮೆ, ಮನೆಯ ಹೊಣೆಯೂ ಕೆಲಸದ ಹೊಣೆಯೂ ಒಂದನ್ನೊಂದು ಎಳೆದಾಡುವಲ್ಲಿ ಹೆಚ್ಚು. ಎಂದಮೇಲೆ ಇದು ವ್ಯಕ್ತಿಯ ಎದೆಗಾರಿಕೆಯ ಪ್ರಶ್ನೆಯಷ್ಟೇ ಅಲ್ಲ. ಅವನು ಇರುವ ವ್ಯವಸ್ಥೆಯ ಪ್ರಶ್ನೆಯೂ ಹೌದು.

ನಮ್ಮಲ್ಲಿ ವ್ಯವಸ್ಥೆಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಶಿಕ್ಷಣದ ಸಂಶೋಧನೆಗಳ ಸಾರವನ್ನು ಒಂದೆಡೆ ಕೂಡಿಸಬೇಕೆಂದು ಬರೋಡದಲ್ಲಿ ಎಂ.ಬಿ. ಬುಚ್ ಅವರು ಶ್ರಮಿಸಿ ಮೊದಲನೆಯ ಸಮೀಕ್ಷಾ ಗ್ರಂಥವನ್ನು 1974ರಲ್ಲಿ ಹೊರತಂದರು. ಮಹಾಪ್ರಬಂಧಗಳ ಎಲೆಕ್ಟ್ರಾನಿಕ್ ಪ್ರತಿಯನ್ನು ಸಲ್ಲಿಸಬೇಕೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ 2009ರಲ್ಲಿ ವಿಧಿಸಿತು. ಅದರ ಫಲವಾಗಿ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ 'ಶೋಧಗಂಗಾ'ದಲ್ಲಿ ಈಗ ಲಕ್ಷಗಟ್ಟಲೆ ಪ್ರಬಂಧಗಳು ಯಾರು ಬೇಕಾದರೂ ಓದಲು ತೆರೆದಿವೆ. 2022ರ ನಿಯಮಗಳಂತೆ ಪ್ರತಿಯೊಬ್ಬ ವಿದ್ಯಾರ್ಥಿಯೂ ಸೆಮಿಸ್ಟರಿಗೊಮ್ಮೆ ಸಂಶೋಧನ ಸಲಹಾ ಸಮಿತಿಯ ಮುಂದೆ ತನ್ನ ಕೆಲಸವನ್ನು ಒಪ್ಪಿಸಬೇಕು. ಇವೆಲ್ಲವೂ ಒಳ್ಳೆಯವೇ.

ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಶೋಧಗಂಗಾದಲ್ಲಿ ಇರುವುದು ಮುಗಿದ ಪ್ರಬಂಧ; ಗೆದ್ದ ಮೇಲಿನ ಕಥೆ. ಸಮಿತಿಯ ಮುಂದೆ ನಡೆಯುವುದು ವಿಚಾರಣೆ. ಅಲ್ಲಿ ಯಾರೂ ತಮಗೆ ತಿಳಿಯದುದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಹೇಳಲಾರರು. ಸಂಶೋಧಕನಿಗೆ ನಿಜವಾಗಿ ನೆರವು ಬೇಕಾದುದು ಕೆಲಸ ಅರ್ಧವಾಗಿ, ದಾರಿ ತಪ್ಪಿ, ಇದು ಆಗುವುದೇ ಇಲ್ಲವೆಂದು ತೋರುವ ನಡುಹೊತ್ತಿನಲ್ಲಿ. ಆ ನಡುಹೊತ್ತಿಗೆ ನಮ್ಮಲ್ಲಿ ಕಟ್ಟೆಯಿಲ್ಲ, ಕೂಟವಿಲ್ಲ.

ನಮ್ಮ ತಂದೆಯವರು ಒಕ್ಕಲುತನದವರು. ನಾಟಿಯ ಕಾಲ ಬಂದರೆ ಊರಿನಲ್ಲಿ ಮುಯ್ಯಾಳಿನ ಲೆಕ್ಕ ಆರಂಭವಾಗುತ್ತಿತ್ತು. ಈ ದಿನ ನಿಮ್ಮ ಗದ್ದೆಗೆ ನಮ್ಮ ಮನೆಯ ಇಬ್ಬರು. ನಾಳಿದ್ದು ನಮ್ಮ ಗದ್ದೆಗೆ ನಿಮ್ಮ ಮನೆಯ ಇಬ್ಬರು. ಕೂಲಿಯ ಮಾತಿಲ್ಲ, ಪತ್ರವಿಲ್ಲ. ಅದು ದಾನವೂ ಅಲ್ಲ. ಮುಯ್ಯಿ ತೀರಿಸದವನನ್ನು ಊರು ಮರೆಯುತ್ತಿರಲಿಲ್ಲ. ಗದ್ದೆ ಅವರವರದೇ, ಬೆಳೆ ಅವರವರದೇ. ನಾಟಿ ಮಾತ್ರ ಎಲ್ಲರದು. ಇನ್ನೂ ಒಂದು ವಿಶೇಷವಿತ್ತು. ಮುಯ್ಯಿಗೆ ಬರಬೇಕಾದವನು ಬರದಿದ್ದರೆ, ಅದೇ ಸಂಜೆ ಅವನ ಮನೆಯ ಜಗಲಿಗೆ ಹೋಗಿ "ಏನಾಯ್ತು? ಮೈಗೆ ಹುಷಾರಿಲ್ಲವೇ?" ಎಂದು ಕೇಳುವವರಿರುತ್ತಿದ್ದರು. ಕೆಲಸದ ಹಂಚಿಕೆಯೂ ಮನುಷ್ಯನ ಯೋಗಕ್ಷೇಮವೂ ಅಲ್ಲಿ ಎರಡಾಗಿರಲಿಲ್ಲ. ಒಂದಿದ್ದುದರಿಂದಲೇ ಇನ್ನೊಂದು ತಾನಾಗಿ ನಡೆಯುತ್ತಿತ್ತು.

ಗೆಳೆಯ ಹೋದ ಮೇಲೆ ನಾವು ನಾಲ್ವರು ಕುಳಿತು ಇಂಥದೊಂದು ಮುಯ್ಯಿಯನ್ನು ವಿಭಾಗದಲ್ಲಿ ಆರಂಭಿಸಿದೆವು. ನಿಯಮಗಳು ನಾಲ್ಕೇ. ಮೊದಲನೆಯದು, ಪ್ರತಿ ಶನಿವಾರ ಒಬ್ಬರು ತಾವು ಅರ್ಧ ಬರೆದುದನ್ನು ಓದಬೇಕು, ಮುಗಿದುದನ್ನು ಓದುವಂತಿಲ್ಲ. ಎರಡನೆಯದು, ಕೇಳಿದವರು ಮೊದಲು ತಮಗೆ ಅರ್ಥವಾದುದೇನೆಂದು ಹೇಳಬೇಕು. ತಪ್ಪು ಹುಡುಕುವುದು ಆಮೇಲೆ. ಮೂರನೆಯದು, ಯಾರು ಯಾವ ದಿನ ಏನು ಓದಿದರು, ಯಾರ ಬಳಿ ಯಾವ ಮಾಪನಿ, ಯಾವ ಅನುವಾದ ಇದೆ ಎಂಬುದನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡಬೇಕು. ನಾಲ್ಕನೆಯದು, ಎರಡು ವಾರ ಒಬ್ಬರು ಕಾಣದಿದ್ದರೆ ಯಾರಾದರೂ ಹೋಗಿ ನೋಡಿಬರಬೇಕು.

ಇದು ಆರಂಭದಲ್ಲಿಯೇ ಯಶಸ್ವಿಯಾಯಿತೆಂದು ಹೇಳಿದರೆ ಸುಳ್ಳಾದೀತು. ಮೂರನೆಯ ವಾರ ಕುಳಿತವರು ಇಬ್ಬರೇ. ಸಂಜೆಯ ಹೊತ್ತು ಇಟ್ಟುಕೊಂಡಿದ್ದರಿಂದ ಊರಿನಿಂದ ಬಸ್ಸಿನಲ್ಲಿ ಬರುವ ಹೆಣ್ಣುಮಕ್ಕಳು ಉಳಿಯುವಂತಿರಲಿಲ್ಲ. ಚಿಕ್ಕ ಮಕ್ಕಳಿದ್ದ ತಾಯಂದಿರಂತೂ ಬರುವಂತೆಯೇ ಇರಲಿಲ್ಲ. ನಮಗೆ ಇದು ಹೊಳೆಯಲು ಒಂದು ತಿಂಗಳು ಬೇಕಾಯಿತು. ಮಧ್ಯಾಹ್ನ ಹನ್ನೆರಡಕ್ಕೆ ಬದಲಾಯಿಸಿ, ಬುತ್ತಿ ಬಿಚ್ಚಿಕೊಂಡೇ ಕುಳಿತ ಮೇಲೆ ಒಂಬತ್ತು ಮಂದಿಯಾದೆವು. ಗಣಿತದಿಂದ ಬಂದವರೊಬ್ಬರು ನಮಗೆಲ್ಲ ಸಂಖ್ಯಾಶಾಸ್ತ್ರ ಹೇಳಿಕೊಟ್ಟರು. ಅವರ ಪ್ರಶ್ನಾವಳಿಯ ಕನ್ನಡವನ್ನು ಕನ್ನಡ ಎಂ.ಎ. ಮಾಡಿದ್ದ ಇನ್ನೊಬ್ಬರು ತಿದ್ದಿಕೊಟ್ಟರು. ನನ್ನ ಪಕ್ಕದ ಪಕ್ಕದ ಕೋಣೆಯ ಆ 'ಮೇಡಂ', ನಾನು ಹೋಗಬೇಕೆಂದಿದ್ದ ಶಾಲೆಗಳಲ್ಲಿ ಆರರ ವಿವರಗಳನ್ನು ಆಗಲೇ ಸಂಗ್ರಹಿಸಿದ್ದರು. ಅವರ ಮಾರ್ಗದರ್ಶಕರ ಒಪ್ಪಿಗೆಯಿಂದ ಅವನ್ನು ನನಗೆ ಕೊಟ್ಟರು. ನಾನು ಹೊಸದಾಗಿ ಕಂಡ ಶಾಲೆಗಳ ವಿವರಗಳನ್ನು ಅವರಿಗೆ ಕೊಟ್ಟೆ. ನಮ್ಮಿಬ್ಬರ ಪ್ರಬಂಧಗಳೂ ಇದರಿಂದ ಬಲವಾದುವು. ಆರು ಶಾಲೆಗಳ ಮೇಷ್ಟ್ರುಗಳಿಗೆ ಎರಡೆರಡು ದಿನದ ಪಾಠ ಉಳಿಯಿತು.

ಇದಕ್ಕೆ ಆಕ್ಷೇಪಣೆಗಳು ಇಲ್ಲದಿಲ್ಲ. ಹಂಚಿಕೊಂಡರೆ ಕದ್ದುಬಿಡುತ್ತಾರೆ ಎಂಬುದು ಮೊದಲನೆಯದು. ಭಯ ನಿರಾಧಾರವಲ್ಲ, ಕೃತಿಚೌರ್ಯ ನಮ್ಮ ದೇಶದಲ್ಲಿ ನಡೆಯುತ್ತದೆ. ಆದರೆ ಕಳವು ಸುಲಭವಾಗುವುದು ಕತ್ತಲೆಯಲ್ಲಿ. ಒಂಬತ್ತು ಮಂದಿಯ ಮುಂದೆ ಓದಿ, ತಾರೀಖು ಹಾಕಿ ಬರೆದಿಟ್ಟ ವಿಚಾರವನ್ನು ತನ್ನದೆಂದು ಹೇಳಲು ಹತ್ತನೆಯವನಿಗೆ ಧೈರ್ಯ ಸಾಲದು.

ಮಾರ್ಗದರ್ಶಕರಿರುವಾಗ ಇದೇಕೆ, ಅವರಿಗೆ ಅಗೌರವವಾಗದೆ ಎಂಬುದು ಎರಡನೆಯದು. ಈಗಿನ ನಿಯಮದಂತೆ ಒಬ್ಬ ಪ್ರಾಧ್ಯಾಪಕರ ಬಳಿ ಎಂಟು ಮಂದಿ, ಸಹ ಪ್ರಾಧ್ಯಾಪಕರ ಬಳಿ ಆರು, ಸಹಾಯಕ ಪ್ರಾಧ್ಯಾಪಕರ ಬಳಿ ನಾಲ್ಕು ಮಂದಿ ಸಂಶೋಧಕರಿರಬಹುದು. ಪಾಠ, ಪರೀಕ್ಷೆ, ಆಡಳಿತಗಳ ನಡುವೆ ಎಂಟು ಮಂದಿಯ ಪ್ರತಿಯೊಂದು ಸಣ್ಣ ಸಂದೇಹಕ್ಕೂ ಅವರೇ ಉತ್ತರ ಹೇಳಬೇಕೆಂದರೆ ಹೇಗೆ? ಗರಡಿಮನೆಯಲ್ಲಿ ಉಸ್ತಾದರು ಪಟ್ಟುಗಳನ್ನು ಕಲಿಸುತ್ತಾರೆ ನಿಜ. ಆದರೆ ದಿನವೂ ಮಣ್ಣಿನಲ್ಲಿ ಹೊರಳಿ ಸಾಮು ಮಾಡುವುದು ಜೊತೆಯವರೊಡನೆಯೇ. ಮೊದಲು ಗಂಟಿಕ್ಕಿದ ಹುಬ್ಬಿನಿಂದ ನಮ್ಮನ್ನು ನೋಡಿದ ಒಬ್ಬ ಗುರುಗಳು, ಆರು ತಿಂಗಳಾದ ಮೇಲೆ ತಾವೇ ಬಂದು ಕೊನೆಯ ಬೆಂಚಿನಲ್ಲಿ ಕುಳಿತು, ತಮ್ಮದೊಂದು ಅಪೂರ್ಣ ಲೇಖನವನ್ನು ಓದಿದರು. ಅಂದು ನಮ್ಮಲ್ಲಿ ಅವರ ಮೇಲಿನ ಗೌರವ ಇಮ್ಮಡಿಯಾಯಿತು.

ಮೂರನೆಯದು ಭಾಷೆಯ ಸಂಕೋಚ. ಇಂಗ್ಲಿಷಿನಲ್ಲಿ ಬರೆಯಬೇಕಾದವನು ಇಂಗ್ಲಿಷಿನಲ್ಲಿ ಕೇಳಲು ನಾಚಿ, ಕೇಳದೆಯೇ ಉಳಿಯುತ್ತಾನೆ. ನಮ್ಮ ಕೂಟದಲ್ಲಿ ಕನ್ನಡದಲ್ಲಿ ಮಾತಾಡಬಹುದೆಂದು ಆದ ದಿನವೇ ಬಹಳ ಮಂದಿಯ ಬಾಯಿ ತೆರೆಯಿತು. ಇದು ಹೊಸ ಮಾತೇನಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಕರ್ನಾಟಕ ಸಂಘವನ್ನು ಕಟ್ಟಿ 'ಪ್ರಬುದ್ಧ ಕರ್ನಾಟಕ'ವನ್ನು ಆರಂಭಿಸಿದ ಕಾಲದಲ್ಲಿ, ಕಾಲೇಜೆಂದರೆ ಇಂಗ್ಲಿಷೇ ಆಗಿತ್ತು. ಮೈಸೂರು ವಿಶ್ವವಿದ್ಯಾನಿಲಯ ತನ್ನ ಪ್ರಚಾರೋಪನ್ಯಾಸಗಳನ್ನು ಕೈಗೆಟುಕುವ ಸಣ್ಣ ಪುಸ್ತಕಗಳನ್ನಾಗಿ ಅಚ್ಚು ಹಾಕಿಸಿ ಹಳ್ಳಿಗಳಿಗೆ ಮುಟ್ಟಿಸಿದುದೂ ಇದೇ ನಂಬಿಕೆಯಿಂದ: ಪಡೆದ ವಿದ್ಯೆಯನ್ನು ಹಂಚದಿದ್ದರೆ ಅದು ಪಡೆದಂತೆಯೇ ಅಲ್ಲ.

ಆದರೂ ಮುಯ್ಯಾಳಿನಿಂದ ಎಲ್ಲವೂ ಆಗುತ್ತದೆಂಬ ಭ್ರಮೆ ನನಗಿಲ್ಲ. ಮಳೆಯೇ ಬಾರದಿದ್ದರೆ ಮುಯ್ಯಾಳು ಏನು ಮಾಡಬಲ್ಲ? ರಾಷ್ಟ್ರೀಯ ಪರೀಕ್ಷೆಯಲ್ಲಿ ಆಯ್ಕೆಯಾಗಿ ಕಿರಿಯ ಸಂಶೋಧನ ವೇತನ ಪಡೆದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಅದೇ ಬೆಂಚಿನಲ್ಲಿ ಕುಳಿತ ಇನ್ನೊಬ್ಬನಿಗೆ ಏನೂ ಇಲ್ಲದಿರಬಹುದು. ಹೊಟ್ಟೆಯ ಚಿಂತೆಯನ್ನು ಶನಿವಾರದ ಕೂಟ ನೀಗಿಸಲಾರದು. ಅದು ಸರ್ಕಾರದ ಮತ್ತು ವಿಶ್ವವಿದ್ಯಾನಿಲಯದ ಹೊಣೆ. ಹಾಗೆಯೇ ಮನಸ್ಸಿಗೆ ನಿಜವಾಗಿ ಕಾಯಿಲೆಯಾದಾಗ ಗೆಳೆಯನ ಸಾಂತ್ವನ ವೈದ್ಯಕ್ಕೆ ಬದಲಾಗದು. 2022ರ ಅಕ್ಟೋಬರಿನಲ್ಲಿ ಆರಂಭವಾದ 'ಟೆಲಿ ಮಾನಸ್' ಎಂಬ ಸರ್ಕಾರಿ ದೂರವಾಣಿ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಮುಖ್ಯ ಕೇಂದ್ರ. 14416 ಎಂಬ ಸಂಖ್ಯೆಗೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕರೆಮಾಡಿ ಕನ್ನಡದಲ್ಲಿಯೇ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ. ಈ ಸಂಖ್ಯೆಯನ್ನು ನಮ್ಮ ನೋಟುಬುಕ್ಕಿನ ಮೊದಲ ಪುಟದಲ್ಲಿ ಬರೆದಿದ್ದೇವೆ. ನನ್ನ ಗೆಳೆಯನಿಗೆ ಅದನ್ನು ಹೇಳುವವರೊಬ್ಬರೂ ಅಂದು ಇರಲಿಲ್ಲವೆಂಬ ನೋವು ನನಗಿದೆ. ಕೂಟದಿಂದ ಆಗಬಹುದಾದ ದೊಡ್ಡ ಉಪಕಾರವೆಂದರೆ ಇಷ್ಟೇ: ಒಬ್ಬನು ಕುಸಿಯುತ್ತಿದ್ದಾನೆಂಬುದು ಗ್ರಂಥಾಲಯದ ರಿಜಿಸ್ಟರಿಗಿಂತ ಮೊದಲು ಮನುಷ್ಯರಿಗೆ ಗೊತ್ತಾಗುವುದು.

ಇದನ್ನೆಲ್ಲ ನಮ್ಮ ಕಾಲೇಜಿನ ಸಂಚಿಕೆಯಲ್ಲೇಕೆ ಬರೆಯುತ್ತಿದ್ದೇನೆಂದು ಕೆಲವರು ಕೇಳಬಹುದು. ನಾನೀಗ ಇಲ್ಲಿ ಅತಿಥಿ ಉಪನ್ಯಾಸಕ. ನಮ್ಮ ಎಂ.ಎ. ವಿದ್ಯಾರ್ಥಿಗಳು ಕಿರುಪ್ರಬಂಧ ಬರೆಯುವುದನ್ನು ದಿನವೂ ನೋಡುತ್ತೇನೆ. ಒಬ್ಬರ ಹಸ್ತಪ್ರತಿಯ ಮೇಲೆ ಇನ್ನೊಬ್ಬರ ಕಣ್ಣು ಬಿದ್ದರೆ ತಟ್ಟನೆ ಮುಚ್ಚಿಕೊಳ್ಳುತ್ತಾರೆ. ನೋಟ್ಸನ್ನು ಕೇಳಿದರೆ ಮನೆಯಲ್ಲಿ ಬಿಟ್ಟುಬಂದಿದ್ದೇನೆ ಎನ್ನುತ್ತಾರೆ. ಚಿಲಕ ಹಾಕಿಕೊಳ್ಳುವ ಅಭ್ಯಾಸ ವಿಶ್ವವಿದ್ಯಾನಿಲಯದಲ್ಲಿ ಹುಟ್ಟುವುದಿಲ್ಲ. ಇಲ್ಲಿಯೇ ಹುಟ್ಟಿ ಅಲ್ಲಿ ಬೆಳೆಯುತ್ತದೆ. ಅಧ್ಯಾಪಕರಾದ ನಾವೂ ನಮ್ಮ ಪಾಠದ ಟಿಪ್ಪಣಿಗಳನ್ನು ಪಕ್ಕದ ಮೇಜಿನವರಿಗೆ ಎಷ್ಟು ಸಲ ತೋರಿಸಿದ್ದೇವೆಂದು ಕೇಳಿಕೊಳ್ಳಬೇಕು. ಮುಂದಿನ ವರ್ಷದಿಂದ ನಮ್ಮ ಕಾಲೇಜಿನಲ್ಲಿಯೂ ವಾರಕ್ಕೊಂದು ಗಂಟೆ, ಯಾವ ವಿಭಾಗದವರಾದರೂ ಸರಿ, ಅರ್ಧ ಬರೆದುದನ್ನು ಓದುವ ಒಂದು ಕೂಟ ಏರ್ಪಡಲಿ ಎಂದು ಪ್ರಾಂಶುಪಾಲರಲ್ಲಿಯೂ ಹಿರಿಯರಲ್ಲಿಯೂ ವಿನಂತಿಸುತ್ತೇನೆ. ಅದಕ್ಕೆ ಬೇಕಾದುದು ಒಂದು ಕೊಠಡಿ, ಒಂದು ನೋಟುಬುಕ್ಕು. ಮೊದಲನೆಯ ವಾರ ಓದುವವರು ಯಾರೂ ಇಲ್ಲದಿದ್ದರೆ ನಾನೇ ಓದುತ್ತೇನೆ.

ಹೋದ ಬೇಸಿಗೆಯಲ್ಲಿ ನಾನೂ ಆ 'ಮೇಡಂ' ಅವರೂ ಸೇರಿ, ನಮ್ಮಿಬ್ಬರ ಸಂಶೋಧನೆಯ ಸಾರವನ್ನು ನಾಲ್ಕು ಪುಟಗಳಲ್ಲಿ ತಿಳಿಗನ್ನಡದಲ್ಲಿ ಬರೆದು, ಅದೇ ಹಳ್ಳಿಯ ಶಾಲೆಗೆ ತೆಗೆದುಕೊಂಡು ಹೋದೆವು. ಹೆಡ್‌ಮಾಸ್ಟರು ಕನ್ನಡಕವನ್ನೇರಿಸಿ ಕೊನೆಯವರೆಗೂ ಓದಿದರು. ಮೂರನೆಯ ಪುಟದ ಒಂದು ಮಾತನ್ನು ಅವರು ಒಪ್ಪಲಿಲ್ಲ, ಏಕೆಂದು ವಿವರಿಸಿದರು. ಅವರು ಹೇಳಿದುದೇ ಸರಿಯಾಗಿತ್ತು. ಆಮೇಲೆ ನಮ್ಮಿಬ್ಬರನ್ನೂ ನೋಡಿ, "ಈ ಸಲ ಜೊತೆಯಲ್ಲಿ ಬಂದಿರಲ್ಲ, ಒಳ್ಳೆಯದಾಯಿತು" ಎಂದು ಚಹಾ ತರಿಸಿದರು.